ಖಾನಾಪುರದ ಹಳ್ಳಿಗಳಲ್ಲಿ ಮಕ್ಕಳ ಫುಟ್‌ಬಾಲ್ ಲೀಗ್: ಆಫ್ರಿಕಾದ ಅನುಭವ ನಮಗೆ ಹೊಂದೀತೇ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕ, ಖಾನಾಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಖಾನಾಪುರ ತಾಲ್ಲೂಕಿನ ಕಾಡಂಚಿನ ಎಂಟು ಹಳ್ಳಿಗಳ 11ರಿಂದ 15 ವರ್ಷದ ಮಕ್ಕಳಿಗಾಗಿ ಒಂದು ಫುಟ್‌ಬಾಲ್ ಲೀಗ್ ಆರಂಭಿಸಬೇಕೆಂದಿದ್ದೇನೆ. ಗೋವಾ ಗಡಿ ಹತ್ತಿರವಿರುವುದರಿಂದ ಈ ಆಟ ನಮ್ಮ ಹುಡುಗರಿಗೆ ಹೊಸದಲ್ಲ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಕೋಲು ನೆಟ್ಟು ಸಂಜೆಯವರೆಗೂ ಆಡುತ್ತಾರೆ. ಆಫ್ರಿಕಾ ಮೂಲದ ಸಿದ್ದಿ, ದನಗಾಹಿ ಗೌಳಿ, ಮರಾಠಾ ಕುಟುಂಬಗಳ ಮಕ್ಕಳು ಒಂದೇ ಶಾಲೆಗೆ ಬರುತ್ತಾರಾದರೂ ಊರಿಗೆ ಮರಳಿದ ಮೇಲೆ ಬೇರೆ ಬೇರೆಯಾಗಿಯೇ ಆಡುವುದನ್ನು ಕಂಡು ಈ ಯೋಚನೆ ಹುಟ್ಟಿತು. ಈಗ ನಡೆಯುತ್ತಿರುವುದು ವರ್ಷಕ್ಕೊಮ್ಮೆ ಬಹುಮಾನದ ಹಣವಿಟ್ಟು ಮಾಡುವ ಎರಡು ದಿನಗಳ ಪಂದ್ಯಾವಳಿ ಮಾತ್ರ. ಅದರಲ್ಲಿ ಆಡುವವರೆಲ್ಲ ದೊಡ್ಡವರು.

ಕೀನ್ಯಾದಲ್ಲಿ ಬಡ ಬಡಾವಣೆಗಳಲ್ಲಿಯೂ ದೂರದ ಹಳ್ಳಿಗಳಲ್ಲಿಯೂ ಮಕ್ಕಳ ಲೀಗ್‌ಗಳು ದಶಕಗಳಿಂದ ನಡೆದುಕೊಂಡು ಬಂದಿವೆ ಎಂದು ಓದಿದ್ದೇನೆ. ಹಣದ ಕೊರತೆ, ಬಸ್ಸಿಲ್ಲದ ದಾರಿ, ಹೆಣ್ಣುಮಕ್ಕಳನ್ನು ಕಳುಹಿಸಲು ಮನೆಯವರ ಹಿಂಜರಿಕೆ ನಮ್ಮಂತೆಯೇ ಅವರಿಗೂ ಇದ್ದಿರಲೇಬೇಕು. ಅವರು ಇವನ್ನು ಹೇಗೆ ನಿಭಾಯಿಸಿದರು, ಅದರಲ್ಲಿ ನಮಗೆ ಹೊಂದುವುದು ಯಾವುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಬೆಳಗಾವಿ, ಹಿಂದೆ ಕೀನ್ಯಾದಲ್ಲಿ ಉದ್ಯೋಗದಲ್ಲಿದ್ದವರು

ಗುರುಗಳೇ, ನೀವು ಮೊದಲು ನೋಡಬೇಕಾದದ್ದು ಮಥಾರೆ ಯುವ ಕ್ರೀಡಾ ಸಂಘವನ್ನು. 1987ರಲ್ಲಿ ನೈರೋಬಿಯ ಮಥಾರೆ ಕೊಳೆಗೇರಿಯಲ್ಲಿ, ಪ್ಲಾಸ್ಟಿಕ್ ಚೀಲಗಳನ್ನು ಹುರಿಯಿಂದ ಬಿಗಿದು ಮಾಡಿದ ಚೆಂಡಿನಲ್ಲಿ ಆಡುತ್ತಿದ್ದ ಮಕ್ಕಳನ್ನು ಕಂಡು ಬಾಬ್ ಮನ್ರೋ ಎಂಬ ಕೆನಡಾದವರು ಅದನ್ನು ಆರಂಭಿಸಿದರು. ಅದು ನಗರದ ಸಂಘವೆಂಬುದು ನಿಜ, ಆದರೆ ಅದರ ನಿಯಮಗಳು ಯಾವ ಹಳ್ಳಿಗೂ ಸಲ್ಲುವಂಥವು. ತಂಡವೊಂದು ತನ್ನ ಬಡಾವಣೆಯ ಕಸ ತೆಗೆದು ಚರಂಡಿ ಸ್ವಚ್ಛಗೊಳಿಸಿದರೆ ಆ ಕೆಲಸದ ಅಂಕಗಳು ಲೀಗಿನ ಅಂಕಪಟ್ಟಿಗೇ ಸೇರುತ್ತವೆ. ತಂಡಗಳಿಗೆ ತರಬೇತಿ ಕೊಡುವುದರಿಂದ ಹಿಡಿದು ಪಂದ್ಯ ನಡೆಸುವುದರವರೆಗೆ ಹೆಚ್ಚಿನ ಹೊಣೆ ಅಲ್ಲಿಯ ಹದಿಹರೆಯದವರದೇ. ಹೀಗೆ ದುಡಿದವರು ಗಳಿಸಿದ ಅಂಕಗಳ ಆಧಾರದ ಮೇಲೆ ವಿದ್ಯಾರ್ಥಿವೇತನ ದೊರೆಯುತ್ತದೆ, ಆ ಹಣ ನೇರವಾಗಿ ಶಾಲೆಗೆ ಪಾವತಿಯಾಗುತ್ತದೆ. ಈ ಸಂಘದ ಮಕ್ಕಳಿಂದಲೇ 1994ರಲ್ಲಿ ರೂಪುಗೊಂಡ ಮಥಾರೆ ಯುನೈಟೆಡ್ ತಂಡ 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗನ್ನು ಗೆದ್ದಿತು. ಹದಿನಾಲ್ಕರ ಹುಡುಗನೊಬ್ಬ ಹತ್ತರ ಮಕ್ಕಳ ಪಂದ್ಯಕ್ಕೆ ಸೀಟಿ ಊದುವ ಹೊಣೆ ಹೊರುತ್ತಾನಲ್ಲ, ಆ ಪ್ರಶಸ್ತಿಗಿಂತ ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಲೀಗ್ ನೀವು ವರ್ಗವಾಗಿ ಹೋದ ಮೇಲೂ ಉಳಿಯಬೇಕಾದರೆ ಮೊದಲ ವರ್ಷದಿಂದಲೇ ಪ್ರತಿ ಹಳ್ಳಿಯ ಇಬ್ಬರು ಪಿಯುಸಿ ವಿದ್ಯಾರ್ಥಿಗಳ ಕೈಗೆ ಪಟ್ಟಿ, ಸೀಟಿ, ಲೆಕ್ಕದ ಪುಸ್ತಕ ಮೂರನ್ನೂ ಕೊಟ್ಟುಬಿಡಿ.

ಗ್ರಾಮೀಣ ಉದಾಹರಣೆ ಬೇಕಿದ್ದರೆ ಕೀನ್ಯಾ ಕರಾವಳಿಯ ಕಿಲಿಫಿಯಲ್ಲಿ 2001ರಿಂದ ಹೆಣ್ಣುಮಕ್ಕಳಿಗಾಗಿಯೇ ನಡೆಯುತ್ತಿರುವ ಮೂವಿಂಗ್ ದ ಗೋಲ್‌ಪೋಸ್ಟ್ಸ್ ಎಂಬ ಸಂಸ್ಥೆ ಇದೆ. ಅಲ್ಲಿ ಆಟದ ಜೊತೆಗೆ ಆರೋಗ್ಯ ಶಿಕ್ಷಣವೂ ಇದೆ. ತರಬೇತುದಾರರು, ತೀರ್ಪುಗಾರರು, ಪ್ರಥಮ ಚಿಕಿತ್ಸೆ ನೀಡುವವರು ಆ ಹುಡುಗಿಯರ ನಡುವಿನಿಂದಲೇ ತಯಾರಾಗುತ್ತಾರೆ.

ಇನ್ನೊಂದು ಮಾತನ್ನು ಕಾಳಜಿಯಿಂದ ಹೇಳುತ್ತೇನೆ. ಸಿದ್ದಿ ಮಕ್ಕಳು ಹುಟ್ಟಿನಿಂದಲೇ ಓಟಗಾರರು ಎಂಬ ಎಣಿಕೆಯ ಮೇಲೆ ತಂಡ ಕಟ್ಟಬೇಡಿ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿ ಆರಂಭಿಸಿತ್ತು. ಕೆಲವರು ಪದಕಗಳನ್ನೂ ಗೆದ್ದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಾಗ ಅನೇಕರು ಮಧ್ಯದಲ್ಲಿಯೇ ಊರಿಗೆ ಮರಳಬೇಕಾಯಿತು. ಪ್ರತಿಭೆಯನ್ನು ಆಯ್ದು ಹೊರಗೊಯ್ಯುವ ಯೋಜನೆ ಮೇಲಿನವರ ಒಂದು ಆದೇಶದಿಂದ ನಿಂತುಹೋಗುತ್ತದೆ. ಊರಿನ ಎಲ್ಲ ಮಕ್ಕಳೂ ಆಡುವ ಲೀಗಿಗೆ ಆ ಅಪಾಯ ಕಡಿಮೆ.

ಉತ್ತರ 2: ದೈಹಿಕ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ

ಸರ್, ಹೆಣ್ಣುಮಕ್ಕಳ ವಿಚಾರವನ್ನು ಎರಡನೇ ವರ್ಷಕ್ಕೆ ಮುಂದೂಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ, ಏಕೆಂದರೆ ಮೊದಲ ವರ್ಷ ಹುಡುಗರದ್ದಾದ ಮೈದಾನ ಮುಂದೆಯೂ ಹುಡುಗರದ್ದಾಗಿಯೇ ಉಳಿಯುತ್ತದೆ. ಮಥಾರೆಯಲ್ಲಿಯೂ ಹುಡುಗಿಯರ ತಂಡಗಳು ಬಂದದ್ದು 1992ರಲ್ಲಿ, ಸಂಘ ಆರಂಭವಾಗಿ ಐದು ವರ್ಷಗಳಾದ ಮೇಲೆ. ಆ ವಿಳಂಬ ನಮಗೆ ಬೇಡ. ಪ್ರತಿ ಹಳ್ಳಿಯಿಂದ ಒಂದು ಹುಡುಗರ ತಂಡ, ಒಂದು ಹುಡುಗಿಯರ ತಂಡ ಬರಲಿ, ಎರಡೂ ತಂಡಗಳ ಅಂಕ ಕೂಡಿಸಿ ಊರಿನ ಸ್ಥಾನ ನಿರ್ಧಾರವಾಗಲಿ. ಆಗ ಹುಡುಗಿಯರನ್ನು ಕರೆತರಲು ಊರಿನ ಹುಡುಗರೇ ಮನೆಮನೆಗೆ ಹೋಗುತ್ತಾರೆ.

ಪ್ರಯಾಣದ ಮಟ್ಟಿಗೆ ನಮಗೆ ಕೀನ್ಯಾದವರಿಗಿಲ್ಲದ ಅನುಕೂಲವೊಂದಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಹುಡುಗಿಯರಿಗೆ ಟಿಕೆಟಿನ ಖರ್ಚಿಲ್ಲ. ಆದ್ದರಿಂದ ಪಂದ್ಯಗಳ ವೇಳಾಪಟ್ಟಿಯನ್ನು ಬಸ್ಸಿನ ವೇಳೆ ನೋಡಿಕೊಂಡೇ ಬರೆಯಿರಿ. ಭೀಮಗಡ ಅಭಯಾರಣ್ಯದ ಸುತ್ತಲಿನ ಹಳ್ಳಿಗಳಿಗೆ ಕರಡಿಯ ಭಯವಿರುವುದರಿಂದ ಕತ್ತಲಾಗುವ ಮುನ್ನ ಎಲ್ಲರೂ ಮನೆ ಸೇರುವಂತಿರಬೇಕು. ತಾಯಂದಿರನ್ನು ಒಂದು ದಿನ ಶಾಲೆಗೆ ಕರೆಸಿ, ಮಗಳ ಜೊತೆ ಹೋಗಿಬರುವ ಮಹಿಳೆ ಯಾರೆಂದು ಮುಖ ತೋರಿಸಿ ಹೇಳಿ. ಅನುಮತಿ ಪತ್ರಕ್ಕೆ ಸಹಿ ಆಮೇಲೆ ತಾನಾಗಿ ಬರುತ್ತದೆ.

ಮಕ್ಕಳ ಸುರಕ್ಷತೆಯ ಬಗ್ಗೆ ನಿಯಮಗಳನ್ನು ಬರೆದಿಡಿ. ವಯಸ್ಕರು ಯಾವ ಮಗುವನ್ನೂ ಒಂಟಿಯಾಗಿ ಕರೆದೊಯ್ಯಬಾರದು, ಹುಡುಗಿಯರ ತಂಡದೊಡನೆ ಮಹಿಳೆಯೊಬ್ಬರು ಇರಲೇಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅಂಥ ದೌರ್ಜನ್ಯದ ವಿಷಯ ತಿಳಿದವರು ವರದಿ ಮಾಡುವುದು ಕಡ್ಡಾಯ ಎಂಬುದನ್ನು ಎಲ್ಲ ಸ್ವಯಂಸೇವಕರಿಗೂ ಮೊದಲ ಸಭೆಯಲ್ಲಿಯೇ ತಿಳಿಸಿ, 1098 ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಉತ್ತರ 3: ನಿವೃತ್ತ ತೀರ್ಪುಗಾರ, ವಿಜಯಪುರ

ಲೀಗ್ ಎಂಬ ಪದ್ಧತಿಯನ್ನು ಬಿಡಬೇಡಿ. ಸೋತ ತಂಡ ಹೊರಬೀಳುವ ಎಂಟು ತಂಡಗಳ ನಾಕೌಟ್‌ನಲ್ಲಿ ನಾಲ್ಕು ಊರಿನ ಮಕ್ಕಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತಾರೆ. ಪ್ರತಿ ತಂಡವೂ ಉಳಿದೆಲ್ಲ ತಂಡಗಳೊಡನೆ ಆಡುವ ಲೀಗ್ ಆದರೆ ಒಟ್ಟು 28 ಪಂದ್ಯಗಳು, ಪ್ರತಿ ತಂಡಕ್ಕೆ ಏಳು. ಭಾನುವಾರಕ್ಕೆ ನಾಲ್ಕು ಪಂದ್ಯಗಳಂತೆ ಏಳು ವಾರಗಳಲ್ಲಿ ಮುಗಿಯುತ್ತದೆ. ಹುಡುಗಿಯರ ಪಂದ್ಯಗಳೂ ಅಷ್ಟೇ ಇರುವುದರಿಂದ ಎರಡು ಮೈದಾನಗಳು ಬೇಕಾದಾವು. ನಿಮ್ಮ ಕಡೆ ಮಳೆಗಾಲದಲ್ಲಿ ಆಡಲಾಗದು, ಮಾರ್ಚ್‌ನಲ್ಲಿ ಪರೀಕ್ಷೆ. ಆದ್ದರಿಂದ ಭತ್ತದ ಕೊಯ್ಲು ಮುಗಿದ ಮೇಲೆ ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮೊದಲ ವಾರದವರೆಗಿನ ಕಾಲವೇ ಸರಿ.

ಹನ್ನೊಂದು ಜನರ ತಂಡದ ಹಟ ಬೇಡ, ಏಳು ಜನ ಸಾಕು. ಚಿಕ್ಕ ಊರಿನಲ್ಲಿಯೂ ತಂಡ ಕೂಡುತ್ತದೆ, ಶಾಲೆಯ ಅಂಗಳವೂ ಸಾಲುತ್ತದೆ, ಪ್ರತಿ ಮಗುವಿನ ಕಾಲಿಗೂ ಚೆಂಡು ಹೆಚ್ಚು ಸಲ ಸಿಗುತ್ತದೆ. ಎಲ್ಲರಿಗೂ ಕನಿಷ್ಠ ಅರ್ಧ ಪಂದ್ಯ ಆಡಲು ಅವಕಾಶ ಕೊಡಬೇಕೆಂಬ ನಿಯಮವಿರಲಿ. ಚಿಕ್ಕವರಿಗೆ ನಾಲ್ಕನೇ ಅಳತೆಯ ಚೆಂಡು, ದೊಡ್ಡವರಿಗೆ ಐದನೆಯದು. ಬರಿಗಾಲಿನವರೂ ಬೂಟಿನವರೂ ಒಟ್ಟಿಗೆ ಆಡಿದರೆ ಬೆರಳು ಮುರಿಯುವುದು ಖಚಿತ. ಎಲ್ಲರಿಗೂ ಬೂಟು ಕೊಡಿಸಲಾಗದಿದ್ದರೆ ಎಲ್ಲರೂ ಬರಿಗಾಲಿನಲ್ಲಿಯೇ ಆಡಲಿ, ಮೈದಾನದ ಕಲ್ಲುಗಳನ್ನು ಮುಂಜಾನೆ ಎರಡೂ ತಂಡದವರು ಕೂಡಿ ಆರಿಸಲಿ. ವಯಸ್ಸಿಗೆ ಶಾಲಾ ದಾಖಲಾತಿ ಪುಸ್ತಕವೇ ಆಧಾರವಾಗಲಿ.

ನಗದು ಬಹುಮಾನ ಖಂಡಿತ ಬೇಡ. ಹಣವಿದ್ದಲ್ಲಿ ಹೊರಗಿನ ಆಟಗಾರರು ಬರುತ್ತಾರೆ, ವಯಸ್ಸಿನ ಸುಳ್ಳು ಬರುತ್ತದೆ, ಕೊನೆಗೆ ಜಗಳವೂ ಬರುತ್ತದೆ. ದಾನಿಗಳು ಮುಂದೆ ಬಂದರೆ ಚೆಂಡು, ಬಲೆ, ಔಷಧ ಪೆಟ್ಟಿಗೆಯನ್ನು ಕೊಡಲಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಕ್ಕಾವ್ರು ಹೇಳಿದಂತೆ ಹುಡುಗಿಯರ ತಂಡಗಳನ್ನು ಮೊದಲ ವರ್ಷದಿಂದಲೇ ಸೇರಿಸುತ್ತೇನೆ. ಎಂಟು ಹಳ್ಳಿಗಳಲ್ಲಿ ಹುಡುಗಿಯರ ತಂಡ ಕೂಡದಿದ್ದರೆ ನೆರೆಯ ಎರಡು ಊರುಗಳನ್ನು ಸೇರಿಸಿ ಒಂದು ತಂಡ ಮಾಡಬಹುದೇ? ಹಾಗೆಯೇ, ಕೆಲವು ಮಕ್ಕಳಿಗೆ ಮರಾಠಿ, ಕೆಲವರಿಗೆ ಕೊಂಕಣಿ ಮನೆಮಾತು. ನಿಯಮಗಳನ್ನು ಯಾವ ಭಾಷೆಯಲ್ಲಿ ಬರೆಯಲಿ?

ಉತ್ತರ 2ರ ದೈಹಿಕ ಶಿಕ್ಷಕಿ

ಧಾರಾಳವಾಗಿ ಸೇರಿಸಿ ಸರ್, ಆ ತಂಡದ ಅಂಕ ಎರಡೂ ಊರಿಗೆ ಸಲ್ಲಲಿ. ನಿಯಮಗಳನ್ನು ಕನ್ನಡ, ಮರಾಠಿ ಎರಡರಲ್ಲಿಯೂ ಒಂದೇ ಹಾಳೆಯಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿ, ಕೊಂಕಣಿಯವರಿಗೆ ಆ ಊರಿನ ಪಿಯುಸಿ ವಿದ್ಯಾರ್ಥಿಯೇ ಓದಿ ಹೇಳಲಿ. ಮೈದಾನಕ್ಕಾಗಿ ಶಾಲಾ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಠರಾವನ್ನು ನವೆಂಬರ್ ಒಳಗೆ ಬರಹದಲ್ಲಿ ಪಡೆದುಕೊಳ್ಳಿ.