ಸಹಾಯ ಬೇಕು: ವ್ಯಾಗನ್ ತುಕ್ಕಿನ ಮೇಲೆ ಬಿಳಿ ಪೊರೆ

ನಮಸ್ಕಾರ, ನಾನು ಕಾರವಾರದವನು. 1:87 ಅಳತೆಯ (ಅಸಲಿಗಿಂತ 87 ಪಟ್ಟು ಚಿಕ್ಕ) ಮಾಡೆಲ್ ರೈಲಿನ ಗೂಡ್ಸ್ ವ್ಯಾಗನ್‌ಗೆ ಹಳೇ ಕಳೆ ತರಲು ಹೊರಟು ಸಿಕ್ಕಿಬಿದ್ದಿದ್ದೇನೆ. ಶಿರವಾಡದ ಸ್ಟೇಷನ್ನಿನಲ್ಲಿ ಕಂಡ ಹಾಗೆಯೇ ಬೇಕಿತ್ತು: ಬಾಗಿಲ ಸಂದಿಯಲ್ಲಿ ತುಕ್ಕು, ಗಾಲಿಯ ಹತ್ತಿರ ಕಂದು ಧೂಳು. ಅಕ್ರಿಲಿಕ್ ಬಣ್ಣವನ್ನು ನೀರು ಮಾಡಿ ಬಳಿದು, ಮೇಲಿನಿಂದ ಕೆಳಗೆ ಒರೆಸಿದೆ. ಚೆನ್ನಾಗಿಯೇ ಬಂತು. ಒಣಗಿದ ಮೇಲೆ ಪೇಸ್ಟಲ್ ಸೀಮೆಸುಣ್ಣದ ಪುಡಿ ಉಜ್ಜಿದೆ. ಅದೂ ಸೈ.

ಕೊನೆಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಹೊಡೆದೆ ನೋಡಿ, ಅರ್ಧ ಪುಡಿ ಮಾಯ, ಉಳಿದದ್ದಕ್ಕೆ ಬೂಷ್ಟು ಹಿಡಿದಂತೆ ಬಿಳಿ ಪೊರೆ! ಇನ್ನೊಂದಕ್ಕೆ ದೂರದಿಂದ ತೆಳ್ಳಗೆ ಹೊಡೆದೆ. ಪುಡಿ ಉಳಿಯಿತು, ಪೊರೆ ಮಾತ್ರ ಬಂದೇ ಬಂತು. ಹೊರಗೆ ಧೋ ಅಂತ ಮಳೆ, ತೇವಕ್ಕೇ ಹೀಗಾಗಿರಬೇಕು ಅಲ್ವಾ?

ಕೆಳಗಿನ ತುಕ್ಕು ಅಳಿಸದೆ ಈ ಪೊರೆ ತೆಗೆಯೋದು ಹೇಗೆ? ಅಥವಾ ಎಲ್ಲ ಕಿತ್ತು ಮೊದಲಿಂದ ಮಾಡಬೇಕಾ?