ಮಾರ್ಥಾ ಹ್ಯೂಸ್ ಕ್ಯಾನನ್ ತಮ್ಮ ಗಂಡನನ್ನೇ ಸೋಲಿಸಿದ್ದು ನಿಜವೇ?

ಪ್ರಶ್ನೆ

ಅಮೆರಿಕದ ಯೂಟಾ ರಾಜ್ಯದಲ್ಲಿ ಮಾರ್ಥಾ ಹ್ಯೂಸ್ ಕ್ಯಾನನ್ ಎಂಬ ವೈದ್ಯೆ 1896ರಲ್ಲಿ ತಮ್ಮ ಗಂಡನನ್ನೇ ಸೋಲಿಸಿ, ಆ ದೇಶದ ಮೊದಲ ಮಹಿಳಾ ರಾಜ್ಯ ಸೆನೆಟರ್ ಆದರೆಂದು ಓದಿದೆ. ಅಮೆರಿಕದ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 1920ರಲ್ಲಿ ಎಂದು ನಾವು ಶಾಲೆಯಲ್ಲಿ ಕಲಿತಿದ್ದೆವಲ್ಲ, ಹಾಗಾದರೆ ಇದು ಹೇಗೆ ಸಾಧ್ಯವಾಯಿತು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

1920ರ ತಿದ್ದುಪಡಿ ಇಡೀ ದೇಶಕ್ಕೆ ಅನ್ವಯಿಸಿದ್ದು. ಅದಕ್ಕೆ ಮೊದಲೇ ಕೆಲವು ರಾಜ್ಯಗಳೂ ಇನ್ನೂ ರಾಜ್ಯವಾಗದ ಪ್ರಾಂತ್ಯಗಳೂ ತಾವಾಗಿ ಈ ಹಕ್ಕನ್ನು ಕೊಟ್ಟಿದ್ದವು. ಆಗಿನ್ನೂ ಪ್ರಾಂತ್ಯವಾಗಿದ್ದ ಯೂಟಾದ ಹೆಂಗಸರು 1870ರಲ್ಲೇ ಮತದಾನದ ಹಕ್ಕು ಪಡೆದಿದ್ದರು. ಅಲ್ಲಿನ ಮಾರ್ಮನ್ ಎಂಬ ಕ್ರೈಸ್ತ ಪಂಥದವರಲ್ಲಿದ್ದ ಬಹುಪತ್ನಿತ್ವವನ್ನು ಹತ್ತಿಕ್ಕಲು 1887ರಲ್ಲಿ ಅಮೆರಿಕದ ಕಾಂಗ್ರೆಸ್ಸು ತಂದ ಕಾಯ್ದೆ ಅದನ್ನು ಕಿತ್ತುಕೊಂಡಿತು. 1896ರ ಜನವರಿಯಲ್ಲಿ ಯೂಟಾ ರಾಜ್ಯವಾದಾಗ ಅಲ್ಲಿನ ಸಂವಿಧಾನವೇ ಅದನ್ನು ಮರಳಿಸಿತು.

ಗಂಡ-ಹೆಂಡಿರ ನೇರ ಹಣಾಹಣಿ ಎಂಬ ಕಥೆಗೆ ಮಾತ್ರ ಸ್ವಲ್ಪ ಬಣ್ಣ ಹಚ್ಚಲಾಗಿದೆ. ಸಾಲ್ಟ್ ಲೇಕ್ ಪ್ರದೇಶದಿಂದ ಒಟ್ಟಾಗಿ ಐದು ಸ್ಥಾನಗಳಿಗೆ ಚುನಾವಣೆ ನಡೆದಿತ್ತು. ಮಾರ್ಥಾ ಡೆಮಾಕ್ರಟಿಕ್ ಪಕ್ಷದವರು, ಪತಿ ಆಂಗಸ್ ರಿಪಬ್ಲಿಕನ್. ಐದೂ ಸ್ಥಾನಗಳು ಡೆಮಾಕ್ರಟರ ಪಾಲಾದವು, ಆಂಗಸ್ ಸೋತರು. ಪತ್ರಿಕೆಗಳಿಗಂತೂ ಹಬ್ಬವಾಯಿತು.

ಉತ್ತರ 2

ಈ ಗಂಡನ ಕಥೆಯ ಭರಾಟೆಯಲ್ಲಿ ಅವರ ದುಡಿಮೆ ಮರೆಯಾಗುತ್ತದೆಂಬುದೇ ನನ್ನ ತಕರಾರು. ವೇಲ್ಸ್‌ನಲ್ಲಿ 1857ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಯೂಟಾಕ್ಕೆ ಬಂದು, ಅಲ್ಲಿಗೆ ತಲುಪಿದ ಕೆಲವೇ ದಿನಗಳಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗಿ, ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿ ದುಡಿದು, 1880ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದಳು. ಆಂಗಸ್‌ಗೆ ಅವರು ನಾಲ್ಕನೆಯ ಹೆಂಡತಿ. ಹೆರಿಗೆ ಮಾಡಿಸಿದ ವೈದ್ಯೆಯನ್ನೇ ಬಹುಪತ್ನಿತ್ವದ ಮೊಕದ್ದಮೆಗಳಲ್ಲಿ ಸಾಕ್ಷಿಯಾಗಿ ಕರೆಸುವ ಭಯವಿದ್ದುದರಿಂದ ಕೈಗೂಸನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಿ ತಲೆಮರೆಸಿಕೊಳ್ಳಬೇಕಾಯಿತು.

ಸೆನೆಟ್ಟಿನಲ್ಲಿ ಅವರು ಮಂಡಿಸಿದ ಮಸೂದೆಗಳಲ್ಲಿ ವೈದ್ಯೆಯ ಕಣ್ಣು ಎದ್ದು ಕಾಣುತ್ತದೆ: ರಾಜ್ಯ ಆರೋಗ್ಯ ಮಂಡಳಿಯ ಸ್ಥಾಪನೆ, ಕಿವುಡ ಮತ್ತು ಕುರುಡ ಮಕ್ಕಳ ಶಿಕ್ಷಣ, ದುಡಿಯುವ ಹೆಂಗಸರ ಆರೋಗ್ಯರಕ್ಷಣೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಕಡೆಯ ಮಸೂದೆಯಲ್ಲಿ ಏನಿತ್ತು? ಅವರು ಮತ್ತೆ ಚುನಾವಣೆಗೆ ನಿಂತರೇ?

ಉತ್ತರ 2 ಬರೆದವರು

ಇಲ್ಲ. ಬಹುಪತ್ನಿತ್ವವನ್ನು ಅವರ ಮಾರ್ಮನ್ ಚರ್ಚು 1890ರಲ್ಲೇ ಅಧಿಕೃತವಾಗಿ ಕೈಬಿಟ್ಟಿತ್ತು; 1899ರಲ್ಲಿ ಅವರಿಗೆ ಮೂರನೆಯ ಮಗು ಹುಟ್ಟಿದಾಗ ಅದು ದೊಡ್ಡ ಗುಲ್ಲಾಗಿ, ರಾಜಕೀಯ ಜೀವನ ಅಲ್ಲಿಗೇ ಮುಗಿಯಿತು. ಇನ್ನು ಆ ಮಸೂದೆಯಲ್ಲಿದ್ದದ್ದು ಬಹಳ ಸರಳವಾದ ಸಂಗತಿ: ಅಂಗಡಿಯಲ್ಲಿ ದಿನವಿಡೀ ನಿಂತು ವ್ಯಾಪಾರ ಮಾಡುವ ಹೆಣ್ಣುಮಕ್ಕಳಿಗೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕುಳಿತುಕೊಳ್ಳಲು ಮಾಲೀಕರು ಆಸನ ಒದಗಿಸಬೇಕು.