ದಣಿದ ಬೆಳಕೋ, ಸೊರಗಿದ ಬೆಳಕೋ?

ಎಲ್ಲರಿಗೂ ನಮಸ್ಕಾರ.

ಮಂಡ್ಯದ ಹೈಸ್ಕೂಲು ಮಕ್ಕಳಿಗಾಗಿ ಗೆಲಾಕ್ಸಿಗಳ ಕೆಂಪುಪಲ್ಲಟದ (ರೆಡ್‌ಶಿಫ್ಟ್) ಮೇಲೆ ಒಂದು ಪಾಠ ಬರೆಯುತ್ತಿದ್ದೇನೆ. ‘ಕೆಂಪುಪಲ್ಲಟ’ದ ಬಗ್ಗೆ ನನಗೆ ತಕರಾರಿಲ್ಲ. ಬೆಳಕಿನ ರೋಹಿತದ (ಸ್ಪೆಕ್ಟ್ರಮ್) ಗೆರೆಗಳು ಉದ್ದ ಅಲೆಗಳ, ಅಂದರೆ ಕೆಂಪಿನ, ಕಡೆಗೆ ಸರಿದಿವೆ ಎಂದಷ್ಟೇ ಆ ಪದ ಹೇಳುತ್ತದೆ, ಯಾಕೆ ಸರಿದವು ಎಂದು ತೀರ್ಪು ಕೊಡುವುದಿಲ್ಲ. ವಿಜ್ಞಾನಿಗಳ ವಾದ ನಡೆದದ್ದೇ ಆ ‘ಯಾಕೆ’ಯ ಮೇಲೆ.

ನಾನು ಸಿಕ್ಕಿಕೊಂಡಿರುವುದು ‘ಟೈರ್ಡ್ ಲೈಟ್’ ಎಂಬ ಪದವನ್ನು ಕನ್ನಡಕ್ಕೆ ತರುವಲ್ಲಿ. ದೂರ ಹೆಚ್ಚಿದಂತೆ ಪಲ್ಲಟವೂ ಹೆಚ್ಚುತ್ತದೆ ಎಂದು ಖಗೋಳವಿಜ್ಞಾನಿ ಎಡ್ವಿನ್ ಹಬಲ್ ತೋರಿಸಿದ 1929ರಲ್ಲೇ, ಇನ್ನೊಬ್ಬ ಖಗೋಳವಿಜ್ಞಾನಿ ಫ್ರಿಟ್ಸ್ ಜ್ವಿಕಿ, ವಿಶ್ವ ಹಿಗ್ಗುತ್ತಿದೆ ಎಂಬುದನ್ನು ಬಿಟ್ಟು ಬೇರೊಂದು ಕಾರಣ ಸೂಚಿಸಿದರು: ಬೆಳಕೇ ದಾರಿಯುದ್ದಕ್ಕೂ ಶಕ್ತಿ ಕಳೆದುಕೊಂಡು ಅದರ ಅಲೆ ಉದ್ದವಾಗುತ್ತಿರಬಹುದು. ನಾನು ‘ದಣಿದ ಬೆಳಕು’ ಎಂದು ಬರೆದು ಅವ್ವನಿಗೆ ಓದಿ ಹೇಳಿದೆ. “ಹಂಗಾರೆ ನಿಧಾನಕ್ಕೆ ಬತ್ತದಾ?” ಅಂದರು.

ಅಲ್ಲೇ ಇರುವುದು ಎಡವಟ್ಟು. ದಣಿದ ಎತ್ತಿನ ಹೆಜ್ಜೆ ನಿಧಾನವಾಗುತ್ತದೆ. ಜ್ವಿಕಿಯ ಬೆಳಕು ಹಾಗಲ್ಲ. ವೇಗ ಸೆಕೆಂಡಿಗೆ ಅದೇ ಸುಮಾರು 3 ಲಕ್ಷ ಕಿಲೋಮೀಟರು, ಕುಗ್ಗುವುದು ಕಸುವು ಮಾತ್ರ. ನಾಲೆಯ ಕೊನೆಯ ಗದ್ದೆಗೆ ನೀರು ಸಾಲದಾದಾಗ ನಮ್ಮಲ್ಲಿ “ಪೈರು ಸೊರಗೋಗದೆ” ಅನ್ನುತ್ತಾರೆ. ‘ಸೊರಗಿದ ಬೆಳಕು’ ಎಂದರೆ ಹೇಗೆ?

ಇದು ಬರೀ ಚೆಂದದ ಪ್ರಶ್ನೆಯಲ್ಲ. ಜ್ವಿಕಿಯ ವಿಚಾರ ಬಿದ್ದುಹೋದದ್ದಕ್ಕೆ ಒಂದು ದೊಡ್ಡ ಕಾರಣ 1ಎ ಬಗೆಯ ಸೂಪರ್‌ನೋವಾಗಳು, ಅಂದರೆ ಒಂದು ಬಗೆಯ ನಕ್ಷತ್ರ ಸ್ಫೋಟಗಳು. ಪಲ್ಲಟ 0.5 ಇರುವ ಕಡೆ, ಅಂದರೆ ಅಲೆ ಒಂದೂವರೆ ಪಟ್ಟು ಉದ್ದವಾಗಿರುವ ಕಡೆ, 20 ದಿನದಲ್ಲಿ ಮಂಕಾಗಬೇಕಾದ ಸ್ಫೋಟ ನಮಗೆ 30 ದಿನ ಹಿಡಿದಂತೆ ಕಾಣುತ್ತದೆ. ವಿಶ್ವ ಹಿಗ್ಗುತ್ತಿದ್ದರೆ ಹಾಗಾಗಲೇಬೇಕು. ಬೆಳಕು ಬರೀ ಶಕ್ತಿ ಕಳೆದುಕೊಂಡರೆ ದಿನಗಳು ಹಿಗ್ಗುವುದಿಲ್ಲ. ‘ದಣಿದ’ ಎಂದು ಓದಿದ ಹುಡುಗ “ನಿಧಾನಕ್ಕೆ ಬಂತು, ಅದಕ್ಕೇ 30 ದಿನ” ಎಂದುಕೊಂಡುಬಿಡುತ್ತಾನೆ. ಜ್ವಿಕಿಯನ್ನು ಸೋಲಿಸಿದ ಸಾಕ್ಷಿ ಅವನ ತಲೆಯಲ್ಲಿ ಜ್ವಿಕಿಯ ಪರವಾಗಿ ನಿಲ್ಲುತ್ತದೆ. ಒಂದು ಪದದಿಂದ ಇಷ್ಟು ಕೆಡುವುದಾದರೆ ಸುಮ್ಮನೆ ಬಿಡಲು ಮನಸ್ಸಾಗದು.

‘ಸೊರಗು’ವಿನಲ್ಲೂ ಒಂದು ಅಳುಕಿದೆ. ಮಂಕಾದ ಬೆಳಕು ಎಂಬ ಅರ್ಥ ನುಸುಳಬಹುದು. ಎಷ್ಟು ಬೆಳಕು ಬಂತು ಎಂಬುದು ಬೇರೆ, ಬಂದ ಒಂದೊಂದು ಫೋಟಾನಿನ (ಬೆಳಕಿನ ಕಣದ) ಶಕ್ತಿ ಎಷ್ಟು ಎಂಬುದು ಬೇರೆ. ‘ಕಸುವಳಿದ ಬೆಳಕು’ ಎಂದೂ ಬರೆದು ನೋಡಿದೆ. ಅರ್ಥ ನೇರವಾಗಿದೆ, ಆದರೆ ಮಕ್ಕಳ ಬಾಯಲ್ಲಿ ತೊಡಕುತ್ತದೆ.

ಇನ್ನೊಂದು ಚಿಕ್ಕ ಪ್ರಶ್ನೆ. ಕ್ವೇಸಾರ್‌ಗಳ (ತುಂಬ ಪ್ರಕಾಶದ, ಪಲ್ಲಟ ಹೆಚ್ಚಿರುವ ಆಕಾಶಕಾಯಗಳ) ಪಲ್ಲಟ ದೂರದಿಂದಲ್ಲ, ಅವುಗಳ ಗುಣದಿಂದಲೇ ಬಂದದ್ದು ಎಂದು ಖಗೋಳವಿಜ್ಞಾನಿ ಹಾಲ್ಟನ್ ಆರ್ಪ್ ವಾದಿಸಿದರಲ್ಲ, ಆ ‘ಇಂಟ್ರಿನ್ಸಿಕ್’ಗೆ ‘ಒಡಲ ಪಲ್ಲಟ’ ಒಪ್ಪುತ್ತದೆಯೇ?

ಮೈಸೂರು, ನಂಜನಗೂಡು ಕಡೆಯ ಬೇಸಾಯದ ಮನೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ‘ಸೊರಗು’ ಅಂದರೆ ಮೊದಲು ನೆನಪಾಗುವುದು ಬಣ್ಣಗೆಟ್ಟ ಪೈರೋ, ಕಸುವುಗೆಟ್ಟ ಪೈರೋ?